ಹಾರ್ನ್ ಊದಿ ಬದುಕೋಕೆ ಆಗತ್ತಾ? ಹಾಸನದಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಇರುವುದು ಸಾಲಗಾಮೆ ರಸ್ತೆಯ ಕಡೆ. ಸಂಜೆ ಐದೂವರೆಗೆ ಹಾರ್ನ್, ಅಂದರೆ ಫ್ರೆಂಚ್ ಹಾರ್ನ್ ಎಂದು ಕರೆಯುವ ಹಿತ್ತಾಳೆಯ ಊದುವ ವಾದ್ಯ, ಕೈಗೆತ್ತಿಕೊಂಡರೆ ಗೇಟಿನ ಹತ್ತಿರ ಯಾರಾದರೊಬ್ಬರು ನಿಂತೇ ನಿಲ್ಲುತ್ತಾರೆ. ಸೇನೆಯ ಬ್ಯಾಂಡಿನಲ್ಲಿ 22 ವರ್ಷ ಈ ವಾದ್ಯ ಊದಿದೆ. ಊರಿಗೆ ಬಂದ ಮೇಲೆ ಬೆಂಗಳೂರು, ಮುಂಬೈ ಕಡೆಯ ಆರ್ಕೆಸ್ಟ್ರಾಗಳಿಂದ ಕರೆ ಬಂದಾಗಲೆಲ್ಲ ಹೋಗಿ ನಾಲ್ಕನೇ ಹಾರ್ನ್ ಕುರ್ಚಿಯಲ್ಲಿ ಕೂತು ಬಂದಿದ್ದೇನೆ. ಈಗ ಆರು ಮಕ್ಕಳಿಗೆ ಕಲಿಸುತ್ತೇನೆ. ಆ ಮಕ್ಕಳ ಅಪ್ಪ ಅಮ್ಮಂದಿರು, ಬೀದಿಯವರು, ಬಸ್ಸಿನಲ್ಲಿ ಪಕ್ಕ ಕೂತವರು, ಪತ್ರ ಬರೆದವರು ಕೇಳಿದ್ದನ್ನೆಲ್ಲ ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲ ಪರಿಚಯ

ಸಾರ್, ಇದು ಮದುವೆ ಬ್ಯಾಂಡ್‌ಸೆಟ್ಟಲ್ಲಿ ಇರತ್ತಲ್ಲ, ಅದೇ ಅಲ್ವಾ?

ಅಲ್ಲ, ಆದರೆ ನೆಂಟ. ಬ್ಯಾಂಡ್‌ಸೆಟ್ಟಿನಲ್ಲಿ ನೀವು ನೋಡುವುದು ಟ್ರಂಪೆಟ್, ಯುಫೋನಿಯಂ. ಇವೆಲ್ಲವೂ ಹಿತ್ತಾಳೆ, ಎಲ್ಲದರಲ್ಲೂ ತುಟಿ ನಡುಗಿಸಿಯೇ ಸ್ವರ ಹುಟ್ಟಿಸಬೇಕು. ಹಾರ್ನ್‌ನ ಕೊಳವೆ ಮಾತ್ರ ತುಂಬಾ ಉದ್ದ. ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿದರೆ ಎಫ್ ಶ್ರುತಿಯ ಹಾರ್ನ್ ಸುಮಾರು 3.7 ಮೀಟರ್ ಬರುತ್ತದೆ. ಎಡಗೈ ವಾಲ್ವ್, ಅಂದರೆ ಕೊಳವೆಯಲ್ಲಿ ಗಾಳಿಯ ದಾರಿ ಬದಲಿಸುವ ಕೀಲಿ, ಒತ್ತುತ್ತದೆ, ಬಲಗೈ ವಾದ್ಯದ ಅಗಲ ಬಾಯಿಯೊಳಗೆ ಇರುತ್ತದೆ. ಆ ಬಾಯಿ ಹಿಂದಕ್ಕೆ ತಿರುಗಿರುತ್ತದೆ. ಹಾಗಾಗಿ ಧ್ವನಿ ಹಿಂದಿನ ಗೋಡೆಗೆ ತಾಗಿ, ಸಭೆಯನ್ನೆಲ್ಲ ಸುತ್ತಿಕೊಂಡು ಕೇಳುಗರಿಗೆ ಸಿಗುತ್ತದೆ. ಆ ದೂರದ ದನಿ ಬರುವುದು ಅದರಿಂದಲೇ.

ಮೂಲದಲ್ಲಿ ಇದು ಬೇಟೆಯ ಕೊಂಬು. ನಮ್ಮ ತೇರಿನ ಮುಂದೆ ಊದುವ ಕೊಂಬು ಕಹಳೆಯ ಹಾಗೆ ಬರೀ ಕೊಳವೆ, ವಾಲ್ವ್ ಇರಲಿಲ್ಲ. ವಾಲ್ವ್‌ಗೆ ಪೇಟೆಂಟ್ ಸಿಕ್ಕಿದ್ದು 1818ರಲ್ಲಿ, ಬರ್ಲಿನ್‌ನಲ್ಲಿ. ಈಗ ಎಲ್ಲರೂ ಊದುವ, ಎರಡು ಉದ್ದದ ಕೊಳವೆ ಒಂದರಲ್ಲೇ ಇರುವ ಡಬಲ್ ಹಾರ್ನ್ ಬೆಳೆದದ್ದೂ ಜರ್ಮನಿಯಲ್ಲೇ. ಹೆಸರು ಮಾತ್ರ ಫ್ರೆಂಚ್ ಅಂತ ಉಳಿದುಬಿಟ್ಟಿದೆ. ಬರೀ 'ಹಾರ್ನ್' ಅನ್ನಿ ಎಂದು ಅಂತರರಾಷ್ಟ್ರೀಯ ಹಾರ್ನ್ ಸೊಸೈಟಿ 1971ರಲ್ಲೇ ಹೇಳಿತು. ನಾನೂ ಹಾಗೇ ಅನ್ನುತ್ತೇನೆ.

ಆರ್ಕೆಸ್ಟ್ರಾ ಅಂದ್ರೆ ಗಣೇಶನ ಪೆಂಡಾಲಲ್ಲಿ ಸಿನಿಮಾ ಹಾಡು ಹಾಡ್ತಾರಲ್ಲ, ಅದಕ್ಕೆ ಸೇರೋಕಾ ಇಷ್ಟು ಕಷ್ಟ?

ನಮ್ಮೂರಲ್ಲಿ ಆರ್ಕೆಸ್ಟ್ರಾ ಎಂದರೆ ಅದೇ. ಅವರ ಕಷ್ಟವೂ ಕಡಿಮೆಯದಲ್ಲ. ಇಲ್ಲಿ ಹೇಳುತ್ತಿರುವುದು ಸಿಂಫನಿ ಆರ್ಕೆಸ್ಟ್ರಾ. ಎಂಬತ್ತು, ನೂರು ಜನ, ಮೈಕ್ ಇಲ್ಲದೆ, ಎದುರಿಗಿಟ್ಟ ಹಾಳೆ ನೋಡಿಕೊಂಡು ನುಡಿಸುತ್ತಾರೆ. ಬರ್ಲಿನ್, ಲಂಡನ್, ಚಿಕಾಗೋ ಥರದ ಊರುಗಳಿಗೆ ತಮ್ಮದೇ ಆರ್ಕೆಸ್ಟ್ರಾ ಇರುತ್ತದೆ. ವರ್ಷವಿಡೀ ವಾರವಾರ ಕಛೇರಿ ಇರುತ್ತದೆ. ಅಂಥ ಎಷ್ಟೋ ಕಡೆ ಹಾರ್ನ್ ಊದುವುದು ಬ್ಯಾಂಕಿನ ಕೆಲಸದಷ್ಟೇ ಖಾಯಂ ನೌಕರಿ.

ನಾಲ್ಕು ಜನ ಒಂದೇ ವಾದ್ಯ ಹಿಡ್ಕೊಂಡು ಕೂತಿರ್ತಾರೆ. ನಾಲ್ಕೂ ಜನಕ್ಕೆ ಒಂದೇ ಕೆಲಸಾನಾ?

ಇಲ್ಲ. ಒಂದನೇ ಮತ್ತು ಮೂರನೇ ಹಾರ್ನ್ ಸಾಮಾನ್ಯವಾಗಿ ಮೇಲಿನ ಸ್ವರಗಳವರು. ಎರಡು ಮತ್ತು ನಾಲ್ಕು ಕೆಳಗಿನವರು. ಮೊದಲ ಕುರ್ಚಿಯವರನ್ನು ಪ್ರಿನ್ಸಿಪಾಲ್ ಎನ್ನುತ್ತಾರೆ. ಒಂಟಿಯಾಗಿ ಊದುವ ಭಾಗಗಳೆಲ್ಲ ಹೆಚ್ಚುಕಡಿಮೆ ಅವರ ಪಾಲಿಗೆ. ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಪ್ರಿನ್ಸಿಪಾಲ್ ಪಕ್ಕ ಒಬ್ಬ ಸಹಾಯಕರೂ ಇರುತ್ತಾರೆ. ಜೋರು ಭಾಗಗಳನ್ನು ಅವರು ಊದಿ, ದೊಡ್ಡ ಸೋಲೋ ಬರುವ ಹೊತ್ತಿಗೆ ಪ್ರಿನ್ಸಿಪಾಲ್ ತುಟಿಗೆ ಬಿಡುವು ಕೊಡುತ್ತಾರೆ. ಕೆಲಸಕ್ಕೆ ಅರ್ಜಿ ಕರೆಯುವುದೂ ಕುರ್ಚಿಯ ಲೆಕ್ಕದಲ್ಲೇ. 'ಹಾರ್ನ್ ವಾದಕ ಬೇಕು' ಅಂತ ಸುಮ್ನೆ ಕರೆಯುವುದಿಲ್ಲ, 'ಎರಡನೇ ಹಾರ್ನ್ ಬೇಕು' ಎಂದು ಕರೆಯುತ್ತಾರೆ.

## ಕಲಿಕೆ ಮತ್ತು ಕೆಲಸ

ನನ್ನ ಮಗನಿಗೆ ಹನ್ನೊಂದು ವರ್ಷ. ಈಗ ಶುರು ಮಾಡಿದ್ರೆ ತಡ ಆಯ್ತಾ?

ಸರಿಯಾದ ವಯಸ್ಸು. ಮುಂದಿನ ಹಲ್ಲುಗಳು ಹಾಲುಹಲ್ಲು ಬಿದ್ದು ಹೊಸದಾಗಿ ಬಂದಿರಬೇಕು, ಅಷ್ಟೇ. ತುಟಿಗೆ ಒತ್ತಿ ಊದುವ ಮೌತ್‌ಪೀಸ್ ಕೂರುವುದೇ ಹಲ್ಲಿನ ಆಸರೆಯ ಮೇಲೆ. ಹಲ್ಲಿಗೆ ತಂತಿ ಹಾಕಿಸುವ ಯೋಚನೆ ಇದ್ದರೆ ಮೊದಲೇ ಹೇಳಿ.

ಮೊದಲ ವಾರ ನಾನು ವಾದ್ಯವನ್ನೇ ಕೊಡುವುದಿಲ್ಲ. ಒಂದು ಸ್ವರ ಹಾಡಿಸುತ್ತೇನೆ, ಆಮೇಲೆ ಬರೀ ಮೌತ್‌ಪೀಸ್‌ನಲ್ಲಿ ಅದೇ ಸ್ವರ ಊದಿಸುತ್ತೇನೆ. ಕಿವಿಯಲ್ಲಿ ಇಲ್ಲದ ಸ್ವರ ಹಾರ್ನ್‌ನಲ್ಲಿ ಬರುವುದಿಲ್ಲ. ಹಾರ್ಮೋನಿಯಂನಲ್ಲಿ ಮನೆ ಒತ್ತಿದರೆ ಸ್ವರ ಬಂದೇ ಬರುತ್ತದೆ, ಇಲ್ಲಿ ಹಾಗಿಲ್ಲ.

ಖರ್ಚಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಒಳ್ಳೆಯ ಡಬಲ್ ಹಾರ್ನ್ ಲಕ್ಷಗಟ್ಟಲೆ ಬೆಲೆ ಬಾಳುತ್ತದೆ. ಜರ್ಮನಿಯ ಮೈನ್ಝ್ ಊರಿನ ಅಲೆಕ್ಸಾಂಡರ್ ಕಂಪನಿಯ 103 ಎಂಬ ಮಾದರಿ 1909ರಿಂದ ಬರುತ್ತಿದೆ, ಯುರೋಪಿನ ಎಷ್ಟೋ ಆರ್ಕೆಸ್ಟ್ರಾಗಳಲ್ಲಿ ಅದೇ. ಕಲಿಯುವ ಮಗುವಿಗೆ ಅದು ಬೇಡವೇ ಬೇಡ. ಸೆಕೆಂಡ್ ಹ್ಯಾಂಡ್ ಸಿಂಗಲ್ ಹಾರ್ನ್ ಸಾಕು. ಕೊಳ್ಳುವ ಮೊದಲು ಗೊತ್ತಿರುವವರ ಕೈಲಿ ಊದಿಸಿ ನೋಡಿ. ವಾಲ್ವ್ ಸವೆದಿದ್ದರೆ ಗಾಳಿ ಸೋರುತ್ತದೆ. ಮಗು ಪಾಪ ತನ್ನದೇ ತಪ್ಪು ಅಂದುಕೊಂಡು ವಾದ್ಯ ಬಿಟ್ಟುಬಿಡುತ್ತದೆ. ಹಾಗೆ ಬಿಟ್ಟ ಇಬ್ಬರು ಮಕ್ಕಳನ್ನು ನಾನೇ ನೋಡಿದ್ದೇನೆ, ಇವತ್ತಿಗೂ ಬೇಜಾರಾಗುತ್ತದೆ.

ಇಂಡಿಯಾದಲ್ಲಿ ಇದನ್ನ ಊದಿ ಸಂಬಳ ತಗೊಳ್ಳೋ ಕೆಲಸ ಎಲ್ಲಿದೆ?

ಎರಡು ದಾರಿ ಇದೆ. ಮೊದಲನೆಯದು ಸಮವಸ್ತ್ರದ ದಾರಿ. ಸೇನೆ, ನೌಕಾಪಡೆ, ವಾಯುಪಡೆ, ಮೂರರಲ್ಲೂ ಬ್ಯಾಂಡ್ ಇದೆ. ಸೇನೆಯ ವಾದಕರಿಗೆ ತರಬೇತಿ ಮಧ್ಯಪ್ರದೇಶದ ಪಚ್‌ಮಡಿಯಲ್ಲಿ. ಆ ಸಂಗೀತ ವಿಭಾಗ ಶುರುವಾದದ್ದು 1950ರಲ್ಲಿ, ಅದರ ಬೆನ್ನಿಗೆ ನಿಂತವರು ನಮ್ಮ ಪಕ್ಕದ ಕೊಡಗಿನ ಕಾರ್ಯಪ್ಪನವರು. ಸಂಬಳ, ರೇಷನ್, ಪಿಂಚಣಿ ಎಲ್ಲ ಸೈನಿಕರಿಗೆ ಇರುವ ಹಾಗೇ. ನಾನು ಬಂದದ್ದು ಈ ದಾರಿಯಲ್ಲೇ. ಹದಿನೆಂಟರಲ್ಲಿ ಊರು ಬಿಟ್ಟಾಗ ಒಂದು ಸ್ವರ ಓದಲು ಬರುತ್ತಿರಲಿಲ್ಲ. ಕಲಿಸಿದವರು ಅವರು, ಊಟ ಹಾಕಿದವರೂ ಅವರು.

ಎರಡನೆಯದು ಮುಂಬೈನ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. 2006ರಲ್ಲಿ ಅಲ್ಲಿನ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರದ (ಎನ್‌ಸಿಪಿಎ) ಆವರಣದಲ್ಲಿ ಶುರುವಾಯಿತು. ಎನ್‌ಸಿಪಿಎಯ ಖುಷ್ರೂ ಸುಂಟೂಕ್ ಮತ್ತು ಕಝಾಕ್‌ಸ್ತಾನದ ವಯೊಲಿನ್ ವಾದಕ ಮರಾತ್ ಬಿಸೆಂಗಾಲಿಯೆವ್ ಅದನ್ನು ಕಟ್ಟಿದರು. ದೊಡ್ಡ ಸೀಸನ್ ಬಂದಾಗ ಅಲ್ಲಿಗೆ ಹೊರದೇಶದ ವಾದಕರು ಜಾಸ್ತಿ ಬರುತ್ತಾರೆ. ಇಲ್ಲಿ ಹಾರ್ನ್ ಕಲಿತವರು ಕಡಿಮೆ ಇರುವುದರಿಂದಲೇ ಹಾಗೆ. ಹಾಗಾಗಿ ಜಾಗ ಇಲ್ಲ ಎನ್ನುವುದಕ್ಕಿಂತ, ಆ ಜಾಗಕ್ಕೆ ತಕ್ಕಂತೆ ಊದುವವರು ನಮ್ಮಲ್ಲಿ ಇನ್ನೂ ತಯಾರಾಗಬೇಕು ಎನ್ನುವುದು ಸರಿ.

ಬೆಂಗಳೂರಿನಲ್ಲಿ ಕಛೇರಿಗೆ ಇಷ್ಟು ಎಂದು ಕೊಟ್ಟು ಕರೆಯುತ್ತಾರೆ. ಅದೊಂದನ್ನೇ ನಂಬಿ ಮನೆ ನಡೆಸಲು ಆಗದು. ಜೊತೆಗೆ ಪಾಠ ಹೇಳಬೇಕು.

ಆಡಿಷನ್‌ನಲ್ಲಿ ಪರದೆ ಹಿಂದೆ ನಿಲ್ಲಿಸಿ ಊದಿಸ್ತಾರಂತೆ, ನಿಜಾನಾ?

ನಿಜ. ಅಮೆರಿಕದಲ್ಲಿ 1970ರ ದಶಕದಿಂದ ಇದು ಹಬ್ಬಿತು. ಈಗ ಬೇರೆ ಕಡೆಯೂ ಇದೆ. ಅಭ್ಯರ್ಥಿಗೆ ಹೆಸರಿಲ್ಲ, ಒಂದು ನಂಬರ್ ಮಾತ್ರ. ನಡೆಯುವ ದಾರಿಗೆ ಕಾರ್ಪೆಟ್ ಹಾಸಿರುತ್ತಾರೆ, ಚಪ್ಪಲಿ ಸದ್ದಿನಿಂದ ಗಂಡೋ ಹೆಣ್ಣೋ ಗೊತ್ತಾಗಬಾರದು ಎಂದು. ಮಾತಾಡುವ ಹಾಗಿಲ್ಲ. ಏನಾದರೂ ಕೇಳಬೇಕಿದ್ದರೆ ಪಕ್ಕದಲ್ಲಿರುವವರ ಕಿವಿಯಲ್ಲಿ ಹೇಳಬೇಕು.

ಊದಬೇಕಾದದ್ದು ಹೆಚ್ಚಿಲ್ಲ. ಸಾಮಾನ್ಯವಾಗಿ ಮೊಜಾರ್ಟ್‌ನ ಹಾರ್ನ್ ಕಾನ್ಸರ್ಟೋ (ಆರ್ಕೆಸ್ಟ್ರಾ ಜೊತೆ ಒಂಟಿ ಹಾರ್ನ್ ಊದುವ ಕೃತಿ) ಒಂದರ ಮೊದಲ ಭಾಗ, ಆಮೇಲೆ ದೊಡ್ಡ ಕೃತಿಗಳಿಂದ ಆರಿಸಿದ ಚಿಕ್ಕ ಚಿಕ್ಕ ತುಣುಕುಗಳು. ಮೊದಲ ಸುತ್ತು ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆ ಹತ್ತು ನಿಮಿಷಕ್ಕೆ ವಿಮಾನ ಹತ್ತಿ ಬಂದವರು ಇರುತ್ತಾರೆ. ಒಂದೇ ಕುರ್ಚಿಗೆ ನೂರಕ್ಕೂ ಹೆಚ್ಚು ಜನ ಬರುವುದೂ ಉಂಟು. ಯಾರೂ ಸರಿ ಅನ್ನಿಸದಿದ್ದರೆ ಕುರ್ಚಿ ಖಾಲಿ ಇಟ್ಟು ಮತ್ತೆ ಕರೆಯುತ್ತಾರೆ.

ಗೆದ್ದರೂ ಕೆಲಸ ಖಾಯಂ ಆಗಿರುವುದಿಲ್ಲ. ಒಂದೆರಡು ವರ್ಷ ಪರೀಕ್ಷೆಯ ಅವಧಿ ಇರುತ್ತದೆ. ಬರ್ಲಿನ್ ಫಿಲ್ಹಾರ್ಮೋನಿಕ್‌ನಲ್ಲಿ ಆ ಅವಧಿ ಮುಗಿದ ಮೇಲೆ ವಾದಕರೇ ವೋಟ್ ಹಾಕಿ ಸೇರಿಸಿಕೊಳ್ಳುತ್ತಾರೆ. ನನಗೆ ಈ ಪದ್ಧತಿ ತುಂಬಾ ಇಷ್ಟ. ಪರದೆಯ ಹಿಂದೆ ಚೆನ್ನಾಗಿ ಊದಿದವನು ಪಕ್ಕದವರ ಜೊತೆ ಹೇಗೆ ಊದುತ್ತಾನೆ ಎಂಬುದು ಕೂತು ಊದಿದ ಮೇಲೇ ಗೊತ್ತಾಗುವುದು.

ಸಂಬಳ ಎಷ್ಟು ಬರತ್ತೆ? ಮುಚ್ಚುಮರೆ ಇಲ್ದೆ ಹೇಳಿ.

ಅಮೆರಿಕದ ಅತಿ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ವರ್ಷಕ್ಕೆ 1 ಲಕ್ಷ ಡಾಲರ್‌ಗಿಂತ ಹೆಚ್ಚು. ಚಿಕ್ಕ ಊರುಗಳಲ್ಲಿ ಅದರ ಸಣ್ಣ ಪಾಲು, ಅಲ್ಲಿನವರು ಮೂರು ಊರು ಸುತ್ತಿ ಊದುತ್ತಾರೆ. ಜರ್ಮನಿಯಲ್ಲಿ ಸರ್ಕಾರದ ಹಣದಿಂದ ನಡೆಯುವ ಆರ್ಕೆಸ್ಟ್ರಾಗಳೇ ನೂರಕ್ಕೂ ಮೀರಿ ಇವೆ. ಸಂಬಳ ನಿಗದಿ, ಕೆಲಸ ಭದ್ರ. ಲಂಡನ್ ಸಿಂಫನಿ ಆರ್ಕೆಸ್ಟ್ರಾದಲ್ಲಿ ವಾದಕರೇ ಮಾಲೀಕರು, ಊದಿದ ಕಛೇರಿ, ರೆಕಾರ್ಡಿಂಗ್‌ಗಳ ಲೆಕ್ಕದಲ್ಲಿ ಹಣ.

## ಕೆಲಸದ ಒಳಗೆ

ಕಛೇರಿ ಇಲ್ಲದ ದಿನ ರಜಾನಾ?

ಹಾರ್ನ್‌ನವರಿಗೆ ಪೂರ್ತಿ ರಜೆ ಎನ್ನುವುದು ಇಲ್ಲ. ಎರಡು ದಿನ ಬಿಟ್ಟರೆ ತುಟಿ ಮರೆಯುತ್ತದೆ. ಬೆಳಗ್ಗೆ ಅರ್ಧ ಗಂಟೆ ಉದ್ದ ಸ್ವರಗಳು, ಮೆಲ್ಲಗೆ ಶುರುಮಾಡಿ ಮೆಲ್ಲಗೆ ಮುಗಿಸುವುದು. ಆಮೇಲೆ ಎರಡೂವರೆ ಮೂರು ಗಂಟೆ ರಿಹರ್ಸಲ್. ಒಂದು ಕಾರ್ಯಕ್ರಮಕ್ಕೆ ಮೂರೋ ನಾಲ್ಕೋ ರಿಹರ್ಸಲ್, ಆಮೇಲೆ ಕಛೇರಿ, ಮುಂದಿನ ವಾರ ಹೊಸ ಹಾಳೆ.

ಕೆಲಸದ ದೊಡ್ಡ ಭಾಗ ಸುಮ್ಮನೆ ಕೂತು ಎಣಿಸುವುದು. ನಲವತ್ತು ಆವರ್ತ ಬಿಡುವು, ಆಮೇಲೆ ಎರಡೇ ಸ್ವರ, ಮತ್ತೆ ಬಿಡುವು. ಹಾಗೆ ಕೂತಾಗ ಕೊಳವೆಯೊಳಗೆ ಉಸಿರಿನ ಹಬೆ ನೀರಾಗಿ ನಿಲ್ಲುತ್ತದೆ. ಅದನ್ನು ಸದ್ದಿಲ್ಲದೆ ಚೆಲ್ಲಬೇಕು. ಸುರುಳಿಯ ಒಂದೊಂದು ಕೊಳವೆಯನ್ನೂ ಎಳೆದು, ವಾದ್ಯವನ್ನು ಬಸ್ಸಿನ ಸ್ಟೀರಿಂಗ್ ಥರ ತಿರುಗಿಸಿ, ಹನಿ ಬೀಳಿಸಿ, ಮತ್ತೆ ಸೇರಿಸಿ, ತುಟಿ ಒದ್ದೆ ಮಾಡಿಕೊಂಡು ಸಿದ್ಧವಾಗಬೇಕು. ಇಷ್ಟರ ನಡುವೆ ಎಣಿಕೆ ತಪ್ಪಬಾರದು. ಒಮ್ಮೆ ನನಗೆ ತಪ್ಪಿತು. ಒಂದು ಆವರ್ತ ಮುಂಚೆ ಊದಲು ಹಾರ್ನ್ ಎತ್ತಿದೆ. ಮೂರನೇ ಹಾರ್ನ್‌ನವರು ತಲೆ ತಿರುಗಿಸದೆ, ಮೊಣಕಾಲಿನ ಮೇಲಿದ್ದ ತೋರುಬೆರಳನ್ನು ಒಂದಿಂಚು ಎತ್ತಿದರು. ನಿಂತೆ. ಆ ಬೆರಳು ಇಳಿದಾಗ ಊದಿದೆ. ಸಭೆಗೆ ಏನೂ ಗೊತ್ತಾಗಲಿಲ್ಲ. ಕಛೇರಿ ಮುಗಿದ ಮೇಲೆ ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಹಾರ್ನ್‌ನವರು ದೊಡ್ಡ ದೊಡ್ಡ ಆರ್ಕೆಸ್ಟ್ರಾದಲ್ಲೂ ಸ್ವರ ಒಡೀತಾರಲ್ಲ, ಅಭ್ಯಾಸ ಸಾಲದಾ?

ಅಭ್ಯಾಸದ ಕೊರತೆ ಅಲ್ಲ, ಕೊಳವೆಯ ಸ್ವಭಾವ. ವಾಲ್ವ್ ಮುಟ್ಟದೆ, ಬರೀ ತುಟಿಯ ಬಿಗಿ ಬದಲಿಸಿದರೆ ಒಂದೇ ಕೊಳವೆಯಿಂದ ಹದಿನಾರು ಸ್ವರಗಳವರೆಗೆ ಬರುತ್ತವೆ. ಕೆಳಗೆ ಇವು ದೂರ ದೂರ. ಮೇಲೆ ಹೋದಂತೆ ಹತ್ತಿರ ಹತ್ತಿರ. ಎಂಟನೆಯದರಿಂದ ಮೇಲೆ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಟ್ರಂಪೆಟ್‌ನವರ ಓಡಾಟ ಹೆಚ್ಚಾಗಿ ಕೆಳಗಿನ, ದೂರ ದೂರದ ಮೆಟ್ಟಿಲುಗಳಲ್ಲಿ. ನಮ್ಮದು ಮೇಲಿನ, ಕಿರಿದಾದ ಮೆಟ್ಟಿಲುಗಳಲ್ಲಿ. ಶ್ರವಣಬೆಳಗೊಳದ ಬೆಟ್ಟ ಇಳಿಯುವಾಗ ಬಂಡೆಯಲ್ಲಿ ಕಡಿದ ಮೆಟ್ಟಿಲಿನ ಮೇಲೆ ಬರಿಗಾಲು ಹೇಗೆ ಹುಡುಕಿ ಹುಡುಕಿ ಊರುತ್ತದೋ, ತುಟಿ ಹಾಗೆ ಸ್ವರ ಹುಡುಕುತ್ತದೆ. ಕೂದಲೆಳೆ ತಪ್ಪಿದರೂ ಪಕ್ಕದ ಸ್ವರ ಬಡಿದು ಒಡೆಯುತ್ತದೆ.

ಇದಕ್ಕೇ ಡಬಲ್ ಹಾರ್ನ್ ಬಂದದ್ದು. ಹೆಬ್ಬೆರಳಿನ ವಾಲ್ವ್ ಒತ್ತಿದರೆ ಎಫ್ ಕೊಳವೆ ಬಿಟ್ಟು ಚಿಕ್ಕದಾದ ಬಿ ಫ್ಲಾಟ್ ಕೊಳವೆಗೆ ಗಾಳಿ ಹೋಗುತ್ತದೆ. ಮೆಟ್ಟಿಲು ಸ್ವಲ್ಪ ಅಗಲವಾಗುತ್ತದೆ. ಅಪಾಯ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ನಾನು ಮಕ್ಕಳಿಗೆ ಹೇಳುವುದು: ಒಡೆದ ಸ್ವರವನ್ನು ಅಲ್ಲೇ ಬಿಡಿ, ಮುಂದಿನ ಸ್ವರ ಊದಿ.

ಹೆಣ್ಣುಮಕ್ಕಳಿಗೆ ಇಷ್ಟು ಉಸಿರು ಎಲ್ಲಿಂದ ಬರತ್ತೆ?

ಎಲ್ಲರಿಗೂ ಬರುವ ಕಡೆಯಿಂದಲೇ. ಚಿಕಾಗೋ ಸಿಂಫನಿಯಲ್ಲಿ 1941ರಲ್ಲೇ ಹೆಲೆನ್ ಕೋಟಾಸ್ ಪ್ರಿನ್ಸಿಪಾಲ್ ಹಾರ್ನ್ ಆದರು. ಬರ್ಲಿನ್ ಫಿಲ್ಹಾರ್ಮೋನಿಕ್‌ನ ಹಿತ್ತಾಳೆ ವಾದ್ಯಗಳ ಸಾಲಿಗೆ ಮೊದಲ ಹೆಣ್ಣುಮಗಳಾಗಿ ಸಾರಾ ವಿಲ್ಲಿಸ್ ಸೇರಿದ್ದು 2001ರಲ್ಲಿ. ನನ್ನ ಆರು ಮಕ್ಕಳಲ್ಲಿ ಅತಿ ಉದ್ದ ಸ್ವರ ಹಿಡಿಯುವವಳು ಒಂಬತ್ತನೇ ಕ್ಲಾಸಿನ ಹುಡುಗಿ.

ಮೈಸೂರು ಮಹಾರಾಜರಿಗೂ ಈ ವಾದ್ಯಕ್ಕೂ ಸಂಬಂಧ ಇದೆ ಅಂತೀರಲ್ಲ, ಅದೇನು ಕಥೆ?

ಕಥೆ ಅಲ್ಲ, ನಡೆದದ್ದು. ಜಯಚಾಮರಾಜೇಂದ್ರ ಒಡೆಯರ್ ಅವರಿಗೆ ಪಾಶ್ಚಾತ್ಯ ಸಂಗೀತದಲ್ಲಿ ಆಳವಾದ ಆಸಕ್ತಿ ಇತ್ತು. 1945ರಲ್ಲಿ ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್ ಲಂಡನ್‌ನಲ್ಲಿ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಕಟ್ಟಿದ್ದರು. ಅದಕ್ಕೆ ಹಣದ ಕಷ್ಟ ಇದ್ದ ಕಾಲದಲ್ಲಿ ಕೈಹಿಡಿದವರು ಮೈಸೂರಿನ ಮಹಾರಾಜರು.

ಆ ಆರ್ಕೆಸ್ಟ್ರಾದ ಪ್ರಿನ್ಸಿಪಾಲ್ ಹಾರ್ನ್ ಡೆನ್ನಿಸ್ ಬ್ರೈನ್. ಅವರ ತಂದೆ ಆಬ್ರಿ ಬ್ರೈನ್ ಕೂಡ ಬಿಬಿಸಿ ಸಿಂಫನಿಯ ಪ್ರಿನ್ಸಿಪಾಲ್ ಹಾರ್ನ್ ಆಗಿದ್ದವರು. ಹಾರ್ನ್ ಎಂದರೆ ಒಡೆಯುವ ವಾದ್ಯ ಎನ್ನುತ್ತಿದ್ದ ಜನ ಡೆನ್ನಿಸ್ ಊದಿದ್ದನ್ನು ಕೇಳಿ ಬೇರೆ ಥರ ಮಾತಾಡತೊಡಗಿದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫಿಲ್ಹಾರ್ಮೋನಿಯಾ ಒಂದು ಕಛೇರಿ ಕೊಟ್ಟಿತು. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚಿನ ವರ್ಷ ಬರೆದ 'ಕೊನೆಯ ನಾಲ್ಕು ಹಾಡುಗಳು' ಮೊದಲ ಸಲ ಜನರ ಕಿವಿಗೆ ಬಿದ್ದದ್ದು ಅವತ್ತು. ಅದರ ಖರ್ಚಿಗೆ ಜವಾಬ್ದಾರಿ ಹೊತ್ತವರು ನಮ್ಮ ಮಹಾರಾಜರು. ಆ ಹಾಡುಗಳಲ್ಲಿ 'ಸೆಪ್ಟೆಂಬರ್' ಎನ್ನುವುದೊಂದಿದೆ. ಹಾಡುವವರ ಮಾತು ಮುಗಿದ ಮೇಲೆ ಒಂಟಿ ಹಾರ್ನ್ ಮೆಲ್ಲಗೆ ಎದ್ದು ಹಾಡನ್ನು ಮುಗಿಸುತ್ತದೆ. ಸ್ಟ್ರಾಸ್ ಅವರ ತಂದೆ ಫ್ರಾಂಝ್ ಸ್ಟ್ರಾಸ್ ಮ್ಯೂನಿಕ್‌ನ ಆಸ್ಥಾನದ ಆರ್ಕೆಸ್ಟ್ರಾದಲ್ಲಿ ನಲವತ್ತು ವರ್ಷಕ್ಕೂ ಮೇಲೆ ಹಾರ್ನ್ ಊದಿದವರು. ಎಂಬತ್ತನಾಲ್ಕರ ಮಗ ತನ್ನ ಕೊನೆಗಾಲದಲ್ಲಿ ಅಪ್ಪನ ವಾದ್ಯವನ್ನು ನೆನೆದ ಹಾಗೆ ನನಗೆ ಪ್ರತಿ ಸಲವೂ ಕೇಳಿಸುತ್ತದೆ.

ಡೆನ್ನಿಸ್ ಬ್ರೈನ್ ಹೆಚ್ಚು ದಿನ ಬಾಳಲಿಲ್ಲ. 1957ರ ಸೆಪ್ಟೆಂಬರ್ 1ರಂದು, ಎಡಿನ್‌ಬರೋದಲ್ಲಿ ಕಛೇರಿ ಮುಗಿಸಿ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಲಂಡನ್‌ಗೆ ಬರುವಾಗ ಅಪಘಾತದಲ್ಲಿ ಹೋದರು. ಮೂವತ್ತಾರು ವರ್ಷ.

## ಸ್ವಲ್ಪ ಆಳಕ್ಕೆ

ನಾಲ್ಕನೇ ಹಾರ್ನ್ ಅಂದ್ರೆ ಬಡ್ತಿ ಸಿಗದೆ ಉಳಿದವರಾ? ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ.

ಬೇಜಾರಿಲ್ಲ, ಎಲ್ಲರೂ ಕೇಳುತ್ತಾರೆ. ಕೆಳಗಿನ ಹಾರ್ನ್ ಬೇರೆಯದೇ ವಿದ್ಯೆ. ತುಟಿ ಸಡಿಲ ಬಿಟ್ಟೂ ಸ್ವರ ಗಟ್ಟಿಯಾಗಿರಬೇಕು. ಮೇಲಿನವರು ನಿಲ್ಲುವುದು ನಮ್ಮ ಸ್ವರದ ಮೇಲೆ. ನಾನು ಒಂದೆಳೆ ಏರಿದರೆ ಪ್ರಿನ್ಸಿಪಾಲ್ ಕೂಡ ಏರಬೇಕಾಗುತ್ತದೆ, ಅಲ್ಲಿಗೆ ಅವರ ತುಟಿ ಸುಸ್ತಾಗುತ್ತದೆ. ಎರಡನೇ ಕುರ್ಚಿಯವರು ಪ್ರಿನ್ಸಿಪಾಲ್ ಉಸಿರು ತೆಗೆದುಕೊಳ್ಳುವ ಸದ್ದು ಕೇಳಿಯೇ ತಾವೂ ಉಸಿರು ತೆಗೆದುಕೊಳ್ಳುತ್ತಾರೆ. ಇಪ್ಪತ್ತು ಮೂವತ್ತು ವರ್ಷ ಎರಡನೇ ಹಾರ್ನ್ ಆಗಿಯೇ ಇದ್ದು, ಅದರಲ್ಲೇ ಹೆಸರು ಮಾಡಿ ನಿವೃತ್ತರಾದವರಿದ್ದಾರೆ.

1824ರಲ್ಲಿ ಮೊದಲು ನುಡಿಸಿದ ಬೀಥೋವನ್‌ನ ಒಂಬತ್ತನೇ ಸಿಂಫನಿಯ ನಿಧಾನದ ಭಾಗದಲ್ಲಿ ಒಂದು ದೊಡ್ಡ ಹಾರ್ನ್ ಸೋಲೋ ಇದೆ. ಅದನ್ನು ಬರೆದದ್ದು ನಾಲ್ಕನೇ ಹಾರ್ನ್‌ಗೆ. ಹೊಸಬರು ಮೊದಲ ಕುರ್ಚಿಯನ್ನೇ ಗುರಿ ಇಟ್ಟು ಕೂತರೆ ನಾನು ಆ ಹಾಳೆ ತೆಗೆದು ಮುಂದಿಡುತ್ತೇನೆ. ನಿಮ್ಮ ತುಟಿ ಯಾವ ಕಡೆಗೆ ಒಲಿದಿದೆಯೋ ಆ ಕುರ್ಚಿಗೆ ಅರ್ಜಿ ಹಾಕಿ. ಕೆಳಗೆ ಚೆನ್ನಾಗಿ ಊದುವವರು ಎಲ್ಲ ಊರಲ್ಲೂ ಕಡಿಮೆ, ಅವರಿಗೆ ಕರೆ ಬಂದೇ ಬರುತ್ತದೆ.

ಹಾಳೆಯಲ್ಲಿ ಒಂದು ಸ್ವರ ಇರತ್ತೆ, ನೀವು ಊದೋದು ಇನ್ನೊಂದು. ಯಾಕೆ?

ವಾಲ್ವ್ ಇಲ್ಲದ ಕಾಲದಲ್ಲಿ ಪ್ರತಿ ಶ್ರುತಿಗೂ ಬೇರೆ ಉದ್ದದ ಕೊಳವೆ ಸಿಕ್ಕಿಸಿಕೊಳ್ಳುತ್ತಿದ್ದರು. ಹಾಳೆಯಲ್ಲಿ 'ಡಿ ಹಾರ್ನ್', 'ಇ ಫ್ಲಾಟ್ ಹಾರ್ನ್' ಎಂದು ಬರೆದಿರುತ್ತಿತ್ತು. ಕೊಳವೆ ಹೋಯಿತು, ಹಾಳೆ ಹಾಗೇ ಉಳಿಯಿತು. ಈಗ ನಾವು ಎಫ್ ಹಾರ್ನ್ ಹಿಡಿದು, ನೋಡುತ್ತಲೇ ಮನಸ್ಸಿನಲ್ಲಿ ಬದಲಿಸಿ ಊದುತ್ತೇವೆ. ಷಡ್ಜ ಯಾವ ಮನೆಗೆ ಜರುಗಿದರೂ ಕೀರ್ತನೆ ಹಾಡುವವರು ತಡವರಿಸುವುದಿಲ್ಲ, ಅದೇ ಅಭ್ಯಾಸ ಇದು. ಆಡಿಷನ್‌ನಲ್ಲಿ ಇದು ಬಂದೇ ಬರುತ್ತದೆ, ಕಲಿಯದೆ ಹೋಗಬೇಡಿ.

ತುಟಿ ಕೆಟ್ರೆ ಕೆಲಸಾನೂ ಹೋಯ್ತಾ? ಎಷ್ಟು ವಯಸ್ಸಿನ ತನಕ ಊದ್ತಾರೆ?

ಚಿಕಾಗೋದ ಡೇಲ್ ಕ್ಲೆವೆಂಜರ್ 1966ರಿಂದ 2013ರ ತನಕ ಒಂದೇ ಕುರ್ಚಿಯಲ್ಲಿ ಪ್ರಿನ್ಸಿಪಾಲ್ ಆಗಿದ್ದರು, 47 ವರ್ಷ. ಎಲ್ಲರಿಗೂ ಅದು ಆಗುವುದಿಲ್ಲ. ಹಲ್ಲು ಅಲ್ಲಾಡಿದರೆ ಮೌತ್‌ಪೀಸ್ ಕೂರುವ ಜಾಗ ಬದಲಾಗುತ್ತದೆ. ಕಿವಿಗೂ ಪೆಟ್ಟು, ಬೆನ್ನ ಹಿಂದೆಯೇ ಟ್ರಂಪೆಟ್ಟೋ ಡ್ರಮ್ಮೋ ಇರುತ್ತದಲ್ಲ. ಈಗಿನವರು ಕಿವಿಗೆ ಬಿರಡೆ ಹಾಕುತ್ತಾರೆ, ನಮ್ಮ ಕಾಲದಲ್ಲಿ ಹಾಕಲಿಲ್ಲ. ನನ್ನ ಬಲಗಿವಿ ಈಗ ಮಂದ.

ಎಲ್ಲಕ್ಕಿಂತ ಹೆದರಬೇಕಾದದ್ದು ಡಿಸ್ಟೋನಿಯಾ. ನೋವಿರುವುದಿಲ್ಲ. ಆದರೆ ಊದಲು ಹೋದಾಗ ತುಟಿಯ ಸ್ನಾಯು ಹೇಳಿದ ಮಾತು ಕೇಳುವುದಿಲ್ಲ. ತೊಂದರೆ ಇರುವುದು ಮೆದುಳು ಸ್ನಾಯುವಿಗೆ ಕೊಡುವ ಅಪ್ಪಣೆಯಲ್ಲಿ. ಜಾಸ್ತಿ ಅಭ್ಯಾಸ ಮಾಡಿದರೆ ಸರಿಯಾಗುತ್ತದೆ ಎಂದು ಹಟ ಹಿಡಿಯಬೇಡಿ. ನರರೋಗ ತಜ್ಞರನ್ನು ಬೇಗ ನೋಡಿ. ತುಟಿಗೆ ಸುಸ್ತಾದವರು ಪ್ರಿನ್ಸಿಪಾಲ್ ಕುರ್ಚಿ ಬಿಟ್ಟು ಮೂರಕ್ಕೋ ನಾಲ್ಕಕ್ಕೋ ಇಳಿದು ಇನ್ನೂ ಹತ್ತು ವರ್ಷ ಊದುವುದುಂಟು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಮ್ಮ ಹುಡುಗಿ ಕರ್ನಾಟಕ ಸಂಗೀತ ಕಲಿತಾ ಇದಾಳೆ. ಹಾರ್ನ್‌ಗೋಸ್ಕರ ಅದನ್ನ ಬಿಡಿಸಬೇಕಾ?

ದಯವಿಟ್ಟು ಬಿಡಿಸಬೇಡಿ. ಸಂಗೀತಗಾರರಿಗೆ ಹೆಸರಾದ ರುದ್ರಪಟ್ಟಣದಂಥ ಊರು ನಮ್ಮ ಜಿಲ್ಲೆಯಲ್ಲೇ ಇದೆ, ಆ ಸಂಗೀತ ಇಲ್ಲಿನ ನೀರಿನಲ್ಲೇ ಇದೆ. ಗಮಕ ಹಾರ್ನ್‌ನಲ್ಲಿ ಬೇಕಾಗುವುದಿಲ್ಲ ನಿಜ, ಆದರೆ ಶ್ರುತಿ ಬೇಕು.

ನಾಲ್ಕು ಹಾರ್ನ್ ಸೇರಿ ಷಡ್ಜ, ಗಾಂಧಾರ, ಪಂಚಮ ಹಿಡಿಯುವಾಗ ಗಾಂಧಾರದವರು ಕೀಬೋರ್ಡಿನ ಗಾಂಧಾರ ಊದಿದರೆ ಸ್ವರಗಳು ಒಂದಕ್ಕೊಂದು ಬೆರೆಯುವುದಿಲ್ಲ, ಅಲೆ ಅಲೆಯಾಗಿ ಕೊರೆಯುತ್ತವೆ. ಅರ್ಧ ಸ್ವರವನ್ನು ನೂರು ಪಾಲು ಮಾಡಿದರೆ ಅದರಲ್ಲಿ ಸುಮಾರು 14 ಪಾಲು ಕೆಳಗಿಳಿಸಬೇಕು. ವಿದೇಶದಲ್ಲಿ ಇದನ್ನು ಕಾಲೇಜಿನಲ್ಲಿ ವರ್ಷಗಟ್ಟಲೆ ಕಲಿಸುತ್ತಾರೆ. ನಮ್ಮಲ್ಲಿ ಚೆನ್ನಾಗಿ ಶ್ರುತಿ ಮಾಡಿದ ತಂಬೂರಿ ಮೀಟಿದರೆ, ಯಾವ ತಂತಿಯಲ್ಲೂ ಇಲ್ಲದ ಅಂತರ ಗಾಂಧಾರ ತಾನಾಗಿ ಕೇಳುತ್ತದಲ್ಲ, ಅದೇ ಅದು. ತಂತಿ ಆದರೂ ಕೊಳವೆ ಆದರೂ ಲೆಕ್ಕ ಒಂದೇ, ಐದನೇ ಸ್ವರಾಂಶ, ಅಂದರೆ ಮೂಲ ಸ್ವರದ ಐದು ಪಟ್ಟು ವೇಗದಲ್ಲಿ ಕಂಪಿಸುವ ಸ್ವರ.

ಹೋದ ತಿಂಗಳು ನಾಲ್ಕು ಮಕ್ಕಳನ್ನು ಕೂರಿಸಿ ಇದನ್ನೇ ಊದಿಸುತ್ತಿದ್ದೆ. ಮೂರನೇ ಕುರ್ಚಿಯ ಹುಡುಗನಿಗೆ ಗಾಂಧಾರ ಕೂರುತ್ತಲೇ ಇರಲಿಲ್ಲ. ಟ್ಯೂನರ್ ತೋರಿಸಿದೆ, ಬಲಗೈ ಸ್ವಲ್ಪ ಒಳಗೆ ಸರಿಸು ಎಂದೆ, ಆಗಲಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದು ಒಳಗೆ ಹೋಗಿ ನನ್ನ ಹೆಂಡತಿಯ ತಂಬೂರಿ ತಂದಳು. ಗೋಡೆಗೆ ಒರಗಿ ಕೂತು ಮೀಟತೊಡಗಿದಳು. ಹುಡುಗ ಹಾರ್ನ್ ಕೆಳಗಿಟ್ಟು ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿದ. ಆಮೇಲೆ ಊದಿದ. ಗಾಂಧಾರ ಬಂದು ಕೂತಿತು, ಕಿಟಕಿಯ ಗಾಜು ಸಣ್ಣಗೆ ಗುಂಯ್ ಎಂದಿತು. ನಾಲ್ಕೂ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಸಿರು ಮುಗಿಯುವ ತನಕ ಯಾರೂ ಸ್ವರ ಬಿಡಲಿಲ್ಲ.